ಒಲೆಯ ಬೂದಿಗೆ ಎಷ್ಟು ಹಿತ್ತಲು?

ಬೆಂಗಳೂರಿನ ನಮ್ಮ ತಾರಸಿಯಲ್ಲಿ ಒಂದು ಕೇಪಳದ ಗಿಡವಿತ್ತು. ಕಾಡಿನ ಕೇಪಳವಲ್ಲ, ನರ್ಸರಿಯಿಂದ ತಂದದ್ದು, ಅಂಗೈ ಅಗಲದ ಕೆಂಪು ಗೊಂಚಲು ಬಿಡುವ ಜಾತಿ. ಅದಕ್ಕೆ ಬೂದಿ ಉಣಿಸಿ ಉಣಿಸಿ ಕೊಂದವನು ನಾನು.

ಬೂದಿ ಊರಿನದು. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೋದಾಗಲೆಲ್ಲ ಬಾಳೆಗೊನೆ, ತೆಂಗಿನಕಾಯಿ, ಮಿಡಿ ಉಪ್ಪಿನಕಾಯಿಯ ಜೊತೆಗೆ ಐದು ಲೀಟರಿನ ಎಣ್ಣೆ ಡಬ್ಬದ ತುಂಬ ಬಚ್ಚಲ ಒಲೆಯ ಬೂದಿಯನ್ನೂ ಕಾರಿನ ಹಿಂದೆ ಹಾಕಿಕೊಂಡು ಬರುತ್ತಿದ್ದೆ. ವಾರಕ್ಕೊಂದು ಹಿಡಿ, ಎಲ್ಲ ಕುಂಡಗಳಿಗೂ. ಮೂರನೆಯ ತಿಂಗಳಿಗೆ ಕೇಪಳದ ಚಿಗುರೆಲೆ ಹಳದಿಯಾಯಿತು. ಇಡೀ ಎಲೆ ಹಳದಿ, ನರಗಳು ಮಾತ್ರ ಹಸಿರು. ಯಾರೋ ಕುಳಿತು ಹಸಿರು ಪೆನ್ನಿನಲ್ಲಿ ನರಗಳನ್ನಷ್ಟೇ ತಿದ್ದಿದ ಹಾಗೆ. ಗಿಡಕ್ಕೆ ಗೊಬ್ಬರ ಸಾಲದು ಅಂದುಕೊಂಡೆ. ಇನ್ನೊಂದು ಹಿಡಿ ಬೂದಿ ಹಾಕಿದೆ. ಆಮೇಲೆ ಬಂದ ಎಲೆಗಳು ಬೆಣ್ಣೆಯ ಬಣ್ಣಕ್ಕೆ ತಿರುಗಿದವು, ಅಂಚು ಸುಟ್ಟಂತಾಯಿತು, ಒಂದೊಂದಾಗಿ ಉದುರಿದವು. ಯುಗಾದಿಯ ಹೊತ್ತಿಗೆ ಕುಂಡದಲ್ಲಿ ಕಡ್ಡಿ ನಿಂತಿತ್ತು.

ಇದೇ ಒಲೆಯ ಬೂದಿಯನ್ನು ದೊಡ್ಡಮ್ಮ ಊರಿನಲ್ಲಿ ಬಸಳೆ ಚಪ್ಪರಕ್ಕೆ ಹಾಕುತ್ತಾರೆ. ಅಲ್ಲಿ ದಂಟು ಹೆಬ್ಬೆರಳು ದಪ್ಪ, ಎಲೆ ಕೈಯಲ್ಲಿ ಹಿಡಿದರೆ ತೂಕ ಬರುವಷ್ಟು. ಬೂದಿಯಲ್ಲಿ ದೋಷವಿಲ್ಲ ಅಂದಮೇಲೆ ದೋಷ ಎಲ್ಲಿ?

ದೊಡ್ಡಮ್ಮನ ಬೂದಿ ವ್ಯವಹಾರವನ್ನು ಅಲ್ಲಿಯವರೆಗೆ ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಬೆಳಗ್ಗೆ ಎಲ್ಲರ ಸ್ನಾನ ಮುಗಿದು ಹಂಡೆಯ ಒಲೆ ಆರಿದ ಮೇಲೆ ಅವರು ಬೂದಿ ಎಳೆಯುವುದಿಲ್ಲ. ಒಂದು ರಾತ್ರಿ ಬಿಡುತ್ತಾರೆ. ಮರುದಿನ ಬೆಂಕಿ ಒಟ್ಟುವ ಮೊದಲು ಅಡಿಕೆ ಹಾಳೆಯ ತುಂಡಿನಿಂದ ಬಾಚಿ, ಹಳೆಯ ಜರಡಿಯಲ್ಲಿ ಜಾಳಿಸುತ್ತಾರೆ. ಇದ್ದಿಲ ಚೂರು ಒಂದು ಕಡೆ, ಮೊಳೆ ಇದ್ದರೆ ಇನ್ನೊಂದು ಕಡೆ. ಕೆಳಗೆ ಬಿದ್ದ ನುಣ್ಣನೆಯ ಬೂದಿ ತೂತು ಬಿದ್ದ ತಾಮ್ರದ ಕೊಡಪಾನಕ್ಕೆ ಹೋಗುತ್ತದೆ. ಕೊಡಪಾನದ ಬಾಯಿಗೆ ಹಾಳೆಯ ಮುಚ್ಚಳ, ಅದರ ಮೇಲೊಂದು ಕಲ್ಲು. ಜಾಗ ಬಚ್ಚಲಲ್ಲ, ಸೌದೆ ಕೊಟ್ಟಿಗೆಯ ಒಣ ಮೂಲೆ. ಒಮ್ಮೆ ನಾನು ಆಷಾಢದಲ್ಲಿ ಊರಿಗೆ ಹೋದವನು, ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಬುಟ್ಟಿ ತುಂಬ ಬೂದಿ ತೆಗೆದುಕೊಂಡು ಹಿತ್ತಲಿಗೆ ಹೊರಟಿದ್ದೆ. ಅಡುಗೆಮನೆ ಕಿಟಕಿಯಿಂದಲೇ ಕೂಗಿದರು:

"ಎಂತ ಮಾಡ್ತಿದೀಯ ಮಾರಾಯ? ಈ ಮಳೇಲಿ ಬೂದಿ ಹಾಕದೂ ಒಂದೇ, ತಗಂಡ್ ಹೋಗಿ ತುಂಗೆಗೆ ಸುರಿಯದೂ ಒಂದೇ!"

ಈ ಒಂದು ಮಾತಿನ ಹಿಂದೆ ಬೂದಿಯ ಅರ್ಧ ರಸಾಯನಶಾಸ್ತ್ರ ಇದೆ. ಸೌದೆ ಉರಿಯುವಾಗ ಅದರಲ್ಲಿದ್ದ ಇಂಗಾಲ, ಜಲಜನಕ, ಸಾರಜನಕ ಎಲ್ಲ ಹೊಗೆಯಾಗಿ, ಆವಿಯಾಗಿ ಹೊರಟುಹೋಗುತ್ತವೆ. ಹೊಗೆಯಾಗಲಾರದ ಖನಿಜ ಮಾತ್ರ ಕೆಳಗುಳಿಯುತ್ತದೆ. ನೂರು ಕಿಲೋ ಒಣ ಸೌದೆ ಉರಿದರೆ ಉಳಿಯುವುದು ಒಂದು ಕಿಲೋ ಆಚೀಚೆ, ಅಷ್ಟೇ. ಆ ಒಂದು ಕಿಲೋದಲ್ಲಿ ದೊಡ್ಡ ಪಾಲು ಸುಣ್ಣದ ಅಂಶ. ಪೊಟ್ಯಾಷ್ ನೂರಕ್ಕೆ ಐದರ ಸುಮಾರು, ಸೌದೆಯ ಜಾತಿ ನೋಡಿಕೊಂಡು ಹೆಚ್ಚು ಕಡಿಮೆ. ರಂಜಕ ನೂರಕ್ಕೆ ಒಂದೋ ಎರಡೋ. ಮೆಗ್ನೀಸಿಯಂ ಸ್ವಲ್ಪ, ಸತು ಬೋರಾನ್‌ನಂಥವು ಚಿಟಿಕೆಯಷ್ಟು. ಸಾರಜನಕ ಸೊನ್ನೆ. ಇವುಗಳಲ್ಲಿ ಪೊಟ್ಯಾಷ್ ನೀರಿಗೆ ಬಿದ್ದ ಕೂಡಲೇ ಕರಗುವ ಗಿರಾಕಿ. ಸುಣ್ಣ ನಿಧಾನಸ್ಥ, ಮಣ್ಣಿನಲ್ಲಿ ಕೂತುಕೊಳ್ಳುತ್ತದೆ. ಬೂದಿ ರಾಶಿಯನ್ನು ಮಳೆಗೆ ಒಡ್ಡಿದರೆ ಪೊಟ್ಯಾಷ್ ಮೊದಲ ಜಡಿಮಳೆಗೇ ಚರಂಡಿ ಸೇರುತ್ತದೆ. ದೊಡ್ಡಮ್ಮ ಕೊಡಪಾನಕ್ಕೆ ಕಲ್ಲು ಹೇರುವುದು ಅದಕ್ಕೇ. ಅವರ ಹಿತ್ತಲಿಗೆ ಬೂದಿ ಬೀಳುವುದು ಮಳೆ ಹಿಂತೆಗೆದು ಮಡಿ ಮಾಡುವ ಹೊತ್ತಿಗೆ, ಚೌತಿ ಕಳೆದ ಮೇಲೆ.

ಬೂದಿ ಎಷ್ಟು ಕ್ಷಾರ ಅನ್ನುವುದನ್ನು ತಿಳಿಯಲು ಪ್ರಯೋಗಾಲಯ ಬೇಡ. ಒಂದು ಲೋಟ ನೀರಿಗೆ ಎರಡು ಚಮಚ ಬೂದಿ ಕದಡಿ, ತಿಳಿಯಾಗಲು ಬಿಡಿ. ಇನ್ನೊಂದು ತಟ್ಟೆಯಲ್ಲಿ ಚಿಟಿಕೆ ಅರಿಸಿನ ಹಾಕಿ, ಆ ತಿಳಿಯನ್ನು ಅದರ ಮೇಲೆ ಹನಿಸಿ. ಹಳದಿ ಕಣ್ಣೆದುರೇ ಇಟ್ಟಿಗೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವ ಮನೆಗಳಲ್ಲಿ ಇದು ಗೊತ್ತಿರುವ ಆಟವೇ. ಅದೇ ತಿಳಿಯಲ್ಲಿ ಬೆರಳು ಅದ್ದಿ ಉಜ್ಜಿಕೊಂಡರೆ ಸೋಪಿನ ಜಾರು. ನಿಜಕ್ಕೂ ಅದು ಸೋಪೇ. ಬೂದಿಯ ಕ್ಷಾರ ಚರ್ಮದ ಎಣ್ಣೆಯನ್ನು ಹಿಡಿದು ಅಲ್ಲೇ ಸಾಬೂನು ಮಾಡುತ್ತಿರುತ್ತದೆ. ಜಿಡ್ಡಿನ ಪಾತ್ರೆಯನ್ನು ಬೂದಿ ಬೆಳಗುವುದೂ ಹೀಗೆಯೇ. ಕ್ಷಾರ ಎಂಬ ಸಂಸ್ಕೃತದ ಮಾತೇ ನಮ್ಮ ಬಾಯಲ್ಲಿ 'ಖಾರ'ವಾಗಿ ಮೆಣಸಿನಕಾಯಿಗೆ ಹೋಗಿ ಸೇರಿಕೊಂಡಿತು ಅನ್ನುವುದು ಬೇರೆಯೇ ಕಥೆ. ಅದು ಇಲ್ಲಿ ಬೇಡ.

ಬೇಕಾದದ್ದು ಮಣ್ಣಿನ ಕಥೆ. ಮಲೆನಾಡು, ಕರಾವಳಿಯ ಮಣ್ಣು ಹುಳಿ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯುವ ಮಳೆ ಸಾವಿರಾರು ವರ್ಷಗಳಿಂದ ಮಣ್ಣಿನ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್‌ಗಳನ್ನು ತೊಳೆದು ಹೊಳೆಗೆ ಒಯ್ದಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಅದಕ್ಕೇ ಈ ಕೆಂಪು. ಮಣ್ಣಿನ ರಸಸಾರ, ಅಂದರೆ ಪಿಎಚ್, ಐದೂವರೆಗಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಸುಡತೊಡಗುತ್ತದೆ. ಹಾಕಿದ ರಂಜಕವನ್ನು ಮಣ್ಣೇ ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದಿಲ್ಲ. ಇಂಥ ಮಣ್ಣಿಗೆ ಒಂದು ಹಿಡಿ ಬೂದಿ ಅಂದರೆ ಹೊಟ್ಟೆ ಹುಳಿ ಎದ್ದವನಿಗೆ ಒಂದು ಲೋಟ ತಣ್ಣನೆಯ ಹಾಲು. ಸುಣ್ಣದ ಅಂಶ ಹುಳಿಯನ್ನು ಇಳಿಸುತ್ತದೆ, ಅಲ್ಯೂಮಿನಿಯಂ ಮತ್ತೆ ಗಟ್ಟಿಯಾಗಿ ಮೂಲೆ ಸೇರುತ್ತದೆ, ಬೇರು ಉಸಿರಾಡುತ್ತದೆ. ಬಸಳೆಯ ದಂಟು ದಪ್ಪವಾಗುವುದರಲ್ಲಿ ಪೊಟ್ಯಾಷ್‌ಗೆ ಎಷ್ಟು ಪಾಲೋ ಈ ಹುಳಿ ಇಳಿದದ್ದಕ್ಕೂ ಅಷ್ಟೇ ಪಾಲು ಅಂತ ನನ್ನ ಲೆಕ್ಕ.

ಜಂಬಿಟ್ಟಿಗೆ ಕಲ್ಲಿಗೆ 'ಲ್ಯಾಟರೈಟ್' ಅಂತ ಹೆಸರಿಟ್ಟ ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದವನು. ಅವನ ಪ್ರವಾಸದ ವರದಿ ಅಚ್ಚಾದದ್ದು 1807ರಲ್ಲಿ. ಈ ನೆಲದ ಕುಮರಿ ಬೇಸಾಯವನ್ನೂ ಅವನು ಕಂಡು ಬರೆದಿದ್ದಾನೆ. ಕುಮರಿ ಅಂದರೆ ಗುಡ್ಡದ ಕಾಡು ಸವರಿ, ಬೇಸಗೆಯಲ್ಲಿ ಒಣಗಲು ಬಿಟ್ಟು, ಮಳೆಗೆ ಮುಂಚೆ ಬೆಂಕಿ ಕೊಟ್ಟು, ಆ ಬೂದಿಯ ಮೇಲೆ ರಾಗಿ ಚೆಲ್ಲುವುದು. ನೇಗಿಲಿಲ್ಲ, ಗೊಬ್ಬರವಿಲ್ಲ. ಒಂದು ವರ್ಷ ಭರ್ತಿ ಬೆಳೆ, ಎರಡನೆಯ ವರ್ಷ ಅಷ್ಟಕ್ಕಷ್ಟೇ, ಆಮೇಲೆ ಜಾಗ ಬದಲು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬ್ರಿಟಿಷ್ ಆಡಳಿತ ಇದರ ಮೇಲೆ ನಿರ್ಬಂಧ ಹೇರಿತು. ಮರಮಟ್ಟು ಹಾಳಾಗುತ್ತದೆ ಅನ್ನುವುದು ಅವರ ವಾದ. ಮರದ ಮೇಲೆ ಅವರಿಗೆ ಎಷ್ಟು ಪ್ರೀತಿ ಇತ್ತು ಅನ್ನುವುದನ್ನು ಮುಂದೆ ರೈಲು ಹಳಿಗಳ ಕೆಳಗೆ ಮಲಗಿದ ದಿಮ್ಮಿಗಳು ಹೇಳುತ್ತವೆ. ಅದು ಹಾಗಿರಲಿ. ಕುಮರಿಯವರು ಹುಳಿ ಮಣ್ಣಿಗೆ ಸುಣ್ಣ ಕೊಳ್ಳುವ ಹಣವಿಲ್ಲದೆ, ಮರ ಇಪ್ಪತ್ತು ವರ್ಷ ತಳದಿಂದ ಎತ್ತಿ ಕೂಡಿಟ್ಟದ್ದನ್ನು ಒಂದೇ ದಿನದಲ್ಲಿ ನಗದು ಮಾಡಿಕೊಳ್ಳುತ್ತಿದ್ದರು. ಆ ನಗದು ಎರಡು ಮಳೆಗಾಲಕ್ಕೆ ಖರ್ಚಾಗುತ್ತಿತ್ತು. ಜನ ಕಡಿಮೆ ಇದ್ದು, ಕಾಡು ಮತ್ತೆ ಬೆಳೆಯಲು ಕಾಲ ಸಿಕ್ಕರೆ ಮಾತ್ರ ನಡೆಯುವ ಲೆಕ್ಕ ಅದು.

ಮರ ಎತ್ತಿ ತರುವುದು ಅಂದೆ. ಎಲ್ಲ ಮರವೂ ಒಂದೇ ಸಮ ತರುವುದಿಲ್ಲ. ಮೊಸಳೆಯ ಬೆನ್ನಿನಂಥ ತೊಗಟೆಯ ಮತ್ತಿ ಮರ ಸುಣ್ಣದ ಖಜಾನೆ. ಅದರ ತೊಗಟೆ ಸುಟ್ಟ ಬೂದಿಯನ್ನೇ ಹಿಂದೆ ವೀಳ್ಯದೆಲೆಗೆ ಸುಣ್ಣದ ಬದಲು ಹಚ್ಚಿ ತಿನ್ನುತ್ತಿದ್ದರು. ಅಡಿಕೆ ತೋಟದ್ದು, ಎಲೆಬಳ್ಳಿ ಅದೇ ಅಡಿಕೆ ಮರದ ಮೇಲಿನದು, ಸುಣ್ಣ ಪಕ್ಕದ ಬೆಟ್ಟದ ಮರದ್ದು. ಕವಳಕ್ಕೆ ಪೇಟೆಗೆ ಹೋಗುವ ಕೆಲಸವೇ ಇರಲಿಲ್ಲ. ತೆಂಗಿನ ಸಿಪ್ಪೆಯ ಬೂದಿ ಇದಕ್ಕೆ ತದ್ವಿರುದ್ಧ, ಅದರಲ್ಲಿ ಪೊಟ್ಯಾಷ್ ತುಂಬ ಜಾಸ್ತಿ. ಬಾಳೆಯೂ ಹಾಗೆಯೇ, ಅಸ್ಸಾಮಿನವರು ಬಾಳೆಯ ಬೂದಿ ಸೋಸಿದ ನೀರನ್ನು 'ಖಾರ್' ಅಂತ ಅಡುಗೆಗೇ ಬಳಸುತ್ತಾರೆ. ಭತ್ತದ ಹೊಟ್ಟಿನ ಬೂದಿ ಮಾತ್ರ ಹೆಸರಿಗಷ್ಟೇ ಬೂದಿ. ನೂರಕ್ಕೆ ಎಂಬತ್ತೈದು ತೊಂಬತ್ತು ಪಾಲು ಸಿಲಿಕಾ, ಅಂದರೆ ಮರಳಿನ ಜಾತಿ. ಮಣ್ಣು ಸಡಿಲ ಮಾಡೀತು, ಹುಳಿ ಇಳಿಸಲಾರದು. ಅಕ್ಕಿ ಗಿರಣಿಯಿಂದ ಲಾರಿಗಟ್ಟಲೆ ತರಿಸಿ 'ಬೂದಿ ಹಾಕಿದೆ, ಏನೂ ಆಗಲಿಲ್ಲ' ಅನ್ನುವವರು ಇದನ್ನೊಮ್ಮೆ ನೆನೆಯಬೇಕು. ಕಲ್ಲಿದ್ದಲ ಬೂದಿಯ ಮಾತಂತೂ ಬೇಡವೇ ಬೇಡ. ಅದರಲ್ಲಿ ಆರ್ಸೆನಿಕ್, ಸೀಸದಂಥ ಭಾರಲೋಹಗಳು ಇರುತ್ತವೆ, ತಿನ್ನುವ ಸೊಪ್ಪಿನ ಹತ್ತಿರ ಸುಳಿಯಬಾರದು. ಬಣ್ಣ ಬಳಿದ ಹಳೆಯ ಬಾಗಿಲು, ಪ್ಲೈವುಡ್ ಚೂರು ಸುಟ್ಟದ್ದೂ ಅದೇ ಸಾಲಿಗೆ. ನಮ್ಮಲ್ಲಿ ಇನ್ನೊಂದು ಕೆಟ್ಟ ಚಾಳಿ ಶುರುವಾಗಿದೆ: ಒಲೆ ಹೊತ್ತಿಸಲು ಹಾಲಿನ ಕವರು. ಸೋಗೆಯ ಗರಿ ಕಾಲ ಬುಡದಲ್ಲೇ ಬಿದ್ದಿರುವ ಮನೆಯಲ್ಲೂ!

ಈಗ ಪೇಟೆಯ ಪೊಟ್ಯಾಷ್. ಆ ಶಬ್ದ ಹುಟ್ಟಿದ್ದೇ ಬೂದಿಯ ಮಡಕೆಯಿಂದ. ಯುರೋಪಿನಲ್ಲಿ ಬೂದಿಯನ್ನು ನೀರಿನಲ್ಲಿ ಸೋಸಿ, ಆ ನೀರನ್ನು ದೊಡ್ಡ ಮಡಕೆಗಳಲ್ಲಿ ಇಂಗಿಸಿ ತಳದಲ್ಲಿ ಉಳಿಯುವ ಬಿಳಿ ಉಪ್ಪನ್ನು 'ಮಡಕೆ ಬೂದಿ' ಅಂತ ಕರೆದರು. ಗಾಜಿಗೆ, ಸೋಪಿಗೆ, ಬಟ್ಟೆಗೆ ಅದು ಬೇಕಾಗಿತ್ತು. ಅಮೆರಿಕ ಸರ್ಕಾರ ಕೊಟ್ಟ ಮೊಟ್ಟಮೊದಲ ಪೇಟೆಂಟು, 1790ರ ಜುಲೈ 31ರಂದು ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬವನಿಗೆ, ಈ ಬೂದಿ ಉಪ್ಪನ್ನು ಚೆನ್ನಾಗಿ ತಯಾರಿಸುವ ವಿಧಾನಕ್ಕೆ. ಸಹಿ ಜಾರ್ಜ್ ವಾಷಿಂಗ್ಟನ್ನರದು. 1807ರಲ್ಲಿ ಹಂಫ್ರಿ ಡೇವಿ ಇದೇ ಪೊಟ್ಯಾಷ್‌ಗೆ ವಿದ್ಯುತ್ ಹರಿಸಿ ಹೊಸ ಲೋಹವನ್ನು ಬೇರ್ಪಡಿಸಿದ, ಪೊಟ್ಯಾಸಿಯಂ ಅಂತ ಹೆಸರಾಯಿತು. 1860ರ ದಶಕದಲ್ಲಿ ಜರ್ಮನಿಯ ಸ್ಟಾಸ್‌ಫುರ್ಟ್‌ನಲ್ಲಿ ಗಣಿ ತೆಗೆದ ಮೇಲೆ ಬೂದಿಯನ್ನು ಕೇಳುವವರಿಲ್ಲವಾದರು. ನಮ್ಮ ದೇಶಕ್ಕೆ ಇವತ್ತಿಗೂ ಪೊಟ್ಯಾಷ್ ಗೊಬ್ಬರ ಬರುವುದು ಹಡಗಿನಲ್ಲೇ. ಕೆನಡಾ, ರಷ್ಯಾ, ಬೆಲಾರುಸ್, ಇಸ್ರೇಲ್, ಜೋರ್ಡಾನ್‌ಗಳಿಂದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ತೀರ್ಥಹಳ್ಳಿಯ ಗೊಬ್ಬರದಂಗಡಿಯಲ್ಲಿ ಕೆಂಪು ಪೊಟ್ಯಾಷಿನ ಮೂಟೆ ಕೈಗೆಟುಕದಂತಾದದ್ದು ಹೀಗೆ.

ಆಗ ಊರಿನಲ್ಲಿ ಕೆಲವರು 'ಬೂದಿ ಇದ್ದರೆ ಮೂಟೆ ಯಾಕೆ' ಅಂದರು. ಕೇಳಲು ಚಂದ. ನಾನು ಕೂತು ಲೆಕ್ಕ ಹಾಕಿದೆ. ಐವತ್ತು ಕಿಲೋ ಮೂಟೆಯಲ್ಲಿ ಪೊಟ್ಯಾಷ್ ನೂರಕ್ಕೆ ಅರವತ್ತು, ಅಂದರೆ ಮೂವತ್ತು ಕಿಲೋ. ಬೂದಿಯಲ್ಲಿ ನೂರಕ್ಕೆ ಐದು. ಮೂವತ್ತು ಕಿಲೋಗೆ 600 ಕಿಲೋ ಬೂದಿ ಬೇಕು. ಅಷ್ಟು ಬೂದಿಗೆ ಅರವತ್ತು ಟನ್ ಸೌದೆ ಉರಿಸಬೇಕು. ಒಂದು ಮೂಟೆಗೆ ಅರವತ್ತು ಟನ್! ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಕೃಷಿ ಇಲಾಖೆಯವರು ಹೇಳುವ ಪ್ರಮಾಣ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಎಕರೆಗೆ ಐನೂರೈವತ್ತು ಮರ ಹಿಡಿದರೆ ಪೊಟ್ಯಾಷ್ ಒಂದೇ 77 ಕಿಲೋ, ಎರಡೂವರೆ ಮೂಟೆ. ಬೂದಿಯಲ್ಲೇ ತೀರಿಸುತ್ತೇನೆ ಅಂತ ಹೊರಟರೆ ಊರ ಸುತ್ತ ಬೆಟ್ಟ ಬೋಳಾಗುತ್ತದೆ. ಯುರೋಪಿನಲ್ಲೂ ಅಮೆರಿಕದಲ್ಲೂ ಆದದ್ದು ಅದೇ, ಮಡಕೆ ಬೂದಿಗಾಗಿ ಕಾಡು ಕಡಿದರು. ಜೊತೆಗೆ ಪೊಟ್ಯಾಷಿನ ಆಸೆಗೆ ಅಷ್ಟು ಬೂದಿ ಸುರಿದರೆ ಸುಣ್ಣ ಮಿತಿ ಮೀರಿ ಮಣ್ಣು ಇನ್ನೊಂದು ದಿಕ್ಕಿಗೆ ಕೆಡುತ್ತದೆ.

ಆದರೆ ಅದೇ ಲೆಕ್ಕವನ್ನು ಮನೆಗೆ ಹಾಕಿ ನೋಡಿದಾಗ ನನಗೇ ಸೋಜಿಗವಾಯಿತು. ಅಡುಗೆಗೂ ಬಚ್ಚಲಿಗೂ ಸೇರಿ ದಿನಕ್ಕೆ ಹತ್ತು ಕಿಲೋ ಸೌದೆ ಉರಿಯುವ ಮನೆ ಅಂದುಕೊಳ್ಳಿ. ವರ್ಷಕ್ಕೆ ಮೂವತ್ತಾರು ಕಿಲೋ ಬೂದಿ. ಹತ್ತಡಿ ಉದ್ದ ಹತ್ತಡಿ ಅಗಲದ ತರಕಾರಿ ಮಡಿಗೆ ವರ್ಷಕ್ಕೆ ಅರ್ಧ ಕಿಲೋ ಬೂದಿ ಸಾಕು. ತೀರ ಹುಳಿ ಮಣ್ಣಾದರೆ ಇನ್ನು ಸ್ವಲ್ಪ. ಹಾಗಾದರೆ ಮೂವತ್ತಾರು ಕಿಲೋ ಆರೂವರೆ ಗುಂಟೆಗೆ ಬರುತ್ತದೆ. ಪಾತ್ರೆ ತಿಕ್ಕಲು, ಬೀಜಕ್ಕೆ ಬೆರೆಸಲು ಅಂತ ಅರ್ಧ ಹೋಯಿತು ಅನ್ನಿ, ಉಳಿದದ್ದು ಮೂರು ಗುಂಟೆಗೆ. ದೊಡ್ಡಮ್ಮನ ಹಿತ್ತಲು ಮೂರು ಗುಂಟೆ ಚಿಲ್ಲರೆ. ಯಾರೂ ಅಳೆದು ಮಾಡಿದ್ದಲ್ಲ. ಒಂದು ಒಲೆಯ ಬೂದಿ ಅದೇ ಒಲೆಯ ಮೇಲೆ ಬೇಯುವ ತರಕಾರಿಗೆ ಸರಿಹೋಗುತ್ತಿತ್ತು.

ಆ ಮೂರು ಗುಂಟೆಯಲ್ಲಿ ಬೂದಿ ಹೇಗೆಲ್ಲ ಓಡಾಡುತ್ತದೆ ಅನ್ನುವುದನ್ನು ನೋಡಬೇಕು. ಸುವರ್ಣಗೆಡ್ಡೆ ನೆಡುವ ದಿನ ದೊಡ್ಡಮ್ಮ ಜಗುಲಿ ಕೆಳಗೆ ಮಣೆ ಹಾಕಿ ಕೂರುತ್ತಾರೆ. ಗೆಡ್ಡೆಯ ನೆತ್ತಿಯ ಕಣ್ಣು ಪ್ರತಿ ಹೋಳಿಗೂ ಒಂದಿಷ್ಟು ಬರುವ ಹಾಗೆ ಕತ್ತಿ ಹಾಕುತ್ತಾರೆ, ಮಾವಿನ ಹಣ್ಣಿನ ಬಣ್ಣದ ಒಳಮೈ ಹಸಿಹಸಿಯಾಗಿ ಕಾಣುತ್ತದೆ. ಆ ಹಸಿ ಮುಖವನ್ನು ಮೊರದಲ್ಲಿದ್ದ ಬೂದಿಗೆ ಒತ್ತಿ, ಮಗುವಿನ ಕೆನ್ನೆಗೆ ಪೌಡರು ಹಚ್ಚಿದ ಹಾಗೆ ಅಂಗೈಯಿಂದ ತಟ್ಟುತ್ತಾರೆ. ಬೂದಿ ಗಾಯದ ನೀರು ಹೀರಿ ಕೊಳೆ ತಡೆಯುತ್ತದೆ. ಎರಡು ದಿನ ನೆರಳಲ್ಲಿಟ್ಟು ಆಮೇಲೆ ಗುಂಡಿಗೆ. ಅಲಸಂದೆ ಬೀಜ, ಹೆಸರು ಕಾಳಿಗೆ ಬೂದಿ ಕಲಸಿ ಮಡಕೆಯಲ್ಲಿ ತುಂಬಿಡುತ್ತಾರೆ. ಕಾಳಿನ ಸಂದು ಸಂದೂ ಬೂದಿ ತುಂಬಿದರೆ ಹುಳಕ್ಕೆ ಓಡಾಡಲು ಜಾಗವಿಲ್ಲ. ಮೈಮೇಲಿನ ಮೇಣ ಗೀಚಿಹೋಗಿ, ಮೈಯ ನೀರಾರಿ ಸಾಯುತ್ತದೆ. ಬೀಜಕ್ಕೆ ವಿಷ ಸವರಿ ಇಡುವುದಕ್ಕಿಂತ ಇದು ಎಷ್ಟೋ ವಾಸಿ, ಬರಗಾಲ ಬಂದರೆ ತೊಳೆದು ತಿನ್ನಲೂಬಹುದು.

ಹೇನಿನ ವಿಷಯಕ್ಕೂ ಅದೇ. ಅಲಸಂದೆ ಕುಡಿಗೆ ಕರಿಹೇನು ಹತ್ತಿದರೆ ಬೆಳಗ್ಗೆ ಇಬ್ಬನಿ ಆರುವ ಮೊದಲು, ತೆಳು ಬಟ್ಟೆಯಲ್ಲಿ ಬೂದಿ ಕಟ್ಟಿ ಗಿಡದ ಮೇಲೆ ಕೊಡವುತ್ತಾರೆ. ಒದ್ದೆ ಎಲೆಗೆ ಬೂದಿ ಅಂಟುತ್ತದೆ, ಹೇನಿನ ಮೈಗೂ. ಬಿಸಿಲೇರಿದರೆ ಹೇನು ಮುದುಡುತ್ತದೆ. ಸೌತೆ, ಕುಂಬಳದ ಎಳೆ ಸಸಿಯನ್ನು ಜರಡಿ ಮಾಡುವ ಕೆಂಪು ದುಂಬಿಗೂ ಬೂದಿ ಕಂಡರೆ ಆಗದು. ಒಂದು ಮಳೆ ಬಂದರೆ ಮತ್ತೆ ಮೊದಲಿಂದ, ಅಷ್ಟೇ. ಬಸವನಹುಳುವಿಗೆ ಬೂದಿಯ ಗೆರೆ ಎಳೆಯಿರಿ ಅಂತ ಮೊಬೈಲಿನಲ್ಲಿ ಬರುವ ಸಲಹೆಯನ್ನು ಮಲೆನಾಡಿನವರು ನಂಬಬೇಡಿ. ಬಸವನಹುಳು ಬರುವುದು ಮಳೆಗಾಲದಲ್ಲಿ. ಬೂದಿ ಒಣಗಿದ್ದರೆ ಮಾತ್ರ ಗೆರೆ, ನೆನೆದರೆ ಬರೀ ಕೆಸರು. ನಾನು ಸಂಜೆ ಎಳೆದ ಗೆರೆಯನ್ನು ಬೆಳಗ್ಗೆ ಹುಳುಗಳು ಮೆರವಣಿಗೆಯಲ್ಲಿ ದಾಟಿದ್ದವು. ಹಾಗೆಯೇ ಎಲೆಗೆ 'ಬೂದಿ ರೋಗ' ಬಂದರೆ ಬೂದಿಗೂ ಅದಕ್ಕೂ ಸಂಬಂಧವಿಲ್ಲ, ಅದು ಬಿಳಿ ಶಿಲೀಂಧ್ರ, ಹೆಸರು ಮಾತ್ರ ನಮ್ಮದು.

ಹಳಬರು ಮಾಡಿದ್ದೆಲ್ಲ ಸರಿ ಅನ್ನುವ ಪೈಕಿಯಲ್ಲ ನಾನು. ನಮ್ಮ ಮನೆಯಲ್ಲೇ ಮಿಕ್ಕ ಬೂದಿಯನ್ನು ಗೊಬ್ಬರ ಗುಂಡಿಗೆ, ಹಸಿ ಸಗಣಿಯ ಮೇಲೆ ಸುರಿಯುವ ರೂಢಿ ಇತ್ತು. ಅಜ್ಜನ ಕಾಲದಿಂದ. ಕೊಟ್ಟಿಗೆಯ ಹಳೆಯ ಗಂಜಲಕ್ಕೆ ಒಂದು ಹಿಡಿ ಬೂದಿ ಹಾಕಿ ಮೂಗು ಹತ್ತಿರ ತಂದು ನೋಡಿ, ಕಣ್ಣಲ್ಲಿ ನೀರು ಬರುತ್ತದೆ. ಆ ಘಾಟು ಅಮೋನಿಯಾ. ಗೊಬ್ಬರದ ಸಾರಜನಕವೇ ಕ್ಷಾರದ ಹೊಡೆತಕ್ಕೆ ಗಾಳಿಗೆ ಹೋಗುತ್ತಿರುತ್ತದೆ. ಯೂರಿಯಾದ ಜೊತೆಗೂ ಬೂದಿ ಹಾಕಬಾರದು ಅನ್ನುವುದು ಇದಕ್ಕೇ. ನಡುವೆ ಮೂರ್ನಾಲ್ಕು ವಾರ ಅಂತರ ಬೇಕು. ಇದನ್ನು ದೊಡ್ಡಮ್ಮನಿಗೆ ಹೇಳಿದಾಗ ಅವರು ಒಪ್ಪಲಿಲ್ಲ, ಬೈಯಲೂ ಇಲ್ಲ. ಮುಂದಿನ ಸಲ ಹೋದಾಗ ಗೊಬ್ಬರ ಗುಂಡಿಗೆ ಬೂದಿ ಬೀಳುತ್ತಿರಲಿಲ್ಲ.

ಬೂದಿ ಒಂದು ರಾತ್ರಿ ಕಾಯಬೇಕು ಅನ್ನುವ ಅವರ ನಿಯಮವನ್ನು ನಾನು ಕಲಿತದ್ದು ಬೇರೆ ದಾರಿಯಲ್ಲಿ. ಅಡಿಕೆ ಸುಗ್ಗಿಯಲ್ಲಿ ಹಂಡೆಗಟ್ಟಲೆ ಅಡಿಕೆ ಬೇಯುವಾಗ ಒಲೆ ಹಗಲೂ ರಾತ್ರಿಯೂ ಉರಿಯುತ್ತದೆ, ಬೂದಿ ಬುಟ್ಟಿಗಟ್ಟಲೆ. ಒಂದು ಮಧ್ಯಾಹ್ನ ತಣ್ಣಗೆ ಕಂಡ ರಾಶಿಯಿಂದ ಎರಡು ಬುಟ್ಟಿ ತೆಗೆದು, ತೋಟದಂಚಿನ ದರಗಿನ ರಾಶಿಯ ಪಕ್ಕ ಸುರಿದು ಊಟಕ್ಕೆ ಬಂದೆ. ಮಜ್ಜಿಗೆ ಅನ್ನಕ್ಕೆ ಬರುವಾಗ ಹೊಗೆ ಕಂಡಿತು. ನಾಲ್ಕು ಜನ ಕೊಡಪಾನ ಹೊತ್ತು ಓಡಿದೆವು. ದರಗೆಲ್ಲ ಹೋಯಿತು, ಎರಡು ಅಡಿಕೆ ಸಸಿ ಬೆಂದವು, ಬೇಲಿಯ ಹತ್ತಿರ ಬೆಂಕಿ ನಿಂತಿತು. ಬೂದಿ ಮುಚ್ಚಿದ ಕೆಂಡ ಅನ್ನುವುದನ್ನು ಅಲ್ಲಿಯವರೆಗೆ ನಾನು ಬರೀ ರಾಜಕೀಯ ವರದಿಗಳಲ್ಲಿ ಬಳಸಿದ್ದೆ.

ಅಂದಹಾಗೆ ಬೂದಿಗೋಸ್ಕರ ದರಗು ಸುಡುವುದು ಮೂರ್ಖತನ. ಒಣಗಿದೆಲೆ ಕೊಳೆತರೆ ಸಾರಜನಕ, ಸಾವಯವ ಎಲ್ಲ ಮಣ್ಣಿಗೆ. ಸುಟ್ಟರೆ ಹಿಡಿ ಬೂದಿ ಬಿಟ್ಟು ಎಲ್ಲ ಗಾಳಿಗೆ. ಬೆಂಗಳೂರಿನ ಬೀದಿ ಬದಿಯಲ್ಲಿ ಬೆಳಗ್ಗೆ ಎಲೆ ಗುಡಿಸಿ ಬೆಂಕಿ ಇಡುವವರಿಗೆ ಇದನ್ನು ಹೇಳಿ ಸುಸ್ತಾಗಿದ್ದೇನೆ. ಕರಾವಳಿಯಲ್ಲಿ ಸುಡುಮಣ್ಣು ಮಾಡುವುದು ಬೇರೆ ವಿದ್ಯೆ. ಅಲ್ಲಿ ಕಸಕಡ್ಡಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಉರಿ ಏಳದಂತೆ ದಿನಗಟ್ಟಲೆ ಹೊಗೆಯಾಡಿಸುತ್ತಾರೆ. ಕಳೆಬೀಜ ಸಾಯುತ್ತದೆ, ಮಣ್ಣು ಹುಡಿಯಾಗುತ್ತದೆ, ಬೂದಿ, ಮಸಿ, ಮಣ್ಣು ಮೂರೂ ಒಂದಾದ ಆ ಕಪ್ಪು ಹುಡಿಯಲ್ಲಿ ಮಲ್ಲಿಗೆ, ಬಸಳೆ ಎರಡೂ ಕುಣಿಯುತ್ತವೆ.

ಕೇಪಳದ ಸಾವಿಗೆ ಬರೋಣ. ಬೆಂಗಳೂರಿನ ಕುಂಡದ ಮಣ್ಣು ಹುಳಿಯಲ್ಲ. ನಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ಗಡಸು ನೀರು. ಅಂದರೆ ನಾನು ನೀರು ಹಾಕಿದಾಗಲೆಲ್ಲ ಸುಣ್ಣವನ್ನೇ ಹಾಕುತ್ತಿದ್ದೆ. ಅದರ ಮೇಲೆ ವಾರಕ್ಕೊಂದು ಹಿಡಿ ಬೂದಿ. ಕುಂಡಕ್ಕೆ ತಳವಿದೆ, ತೊಳೆದೊಯ್ಯಲು ಆಗುಂಬೆಯ ಮಳೆಯಿಲ್ಲ. ಕೇಪಳವೋ ಜಂಬಿಟ್ಟಿಗೆ ಗುಡ್ಡದ ಹುಳಿಯಲ್ಲಿ ಬೆಳೆದ ಕುಲ. ಮಣ್ಣು ಕ್ಷಾರವಾದರೆ ಅದರಲ್ಲಿರುವ ಕಬ್ಬಿಣ ಗಿಡಕ್ಕೆ ದಕ್ಕದ ರೂಪಕ್ಕೆ ತಿರುಗುತ್ತದೆ. ಕಬ್ಬಿಣವಿಲ್ಲದೆ ಹೊಸ ಎಲೆಗೆ ಹಸಿರಿಲ್ಲ. ನರ ಮಾತ್ರ ಹಸಿರಾಗಿ ಎಲೆ ಹಳದಿಯಾಗುವುದು ಅದರ ಗುರುತು. ಬಡಿಸಿದ ಎಲೆಯ ಮುಂದೆ ಕೈ ಕಟ್ಟಿ ಕೂರಿಸಿದ ಹಾಗೆ ಆ ಗಿಡವನ್ನು ನಾಲ್ಕು ತಿಂಗಳು ಉಪವಾಸ ಕೆಡವಿದ್ದೆ.

ವಿಜಯಪುರ, ಗದಗ, ಕಲಬುರಗಿಯ ಎರೆ ಹೊಲಕ್ಕೂ ಹಿತ್ತಲಿಗೂ ಇದೇ ಮಾತು. ಅಲ್ಲಿಯ ಮಣ್ಣಿನ ಪಿಎಚ್ ಎಂಟರ ಮೇಲೆ, ಪೊಟ್ಯಾಷ್ ಸಾಕಷ್ಟು ಇರುವ ಮಣ್ಣು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಯ ಒಲೆಯ ಬೂದಿ ಅಲ್ಲಿ ಪಾತ್ರೆಗೆ, ಕಾಳಿಗೆ ಒಳ್ಳೆಯದು. ಗಿಡದ ಬುಡಕ್ಕೆ ಹಾಕಿ ಗಳಿಸುವುದೇನಿಲ್ಲ. ಹಾಸನದ ಆಲೂಗಡ್ಡೆಯವರೂ ದೂರ ಇಡಬೇಕು, ಮಣ್ಣಿನ ಹುಳಿ ಇಳಿದರೆ ಗೆಡ್ಡೆಗೆ ಕಜ್ಜಿ ಹತ್ತುತ್ತದೆ. ಅನಾನಸಿಗೂ ಹುಳಿಯೇ ಇಷ್ಟ. ಯಾವ ಮಣ್ಣು ಅಂತ ತಿಳಿಯದವರಿಗೆ 2015ರಿಂದ ಮಣ್ಣು ಆರೋಗ್ಯ ಚೀಟಿ ಇದೆ. ಹನ್ನೆರಡು ಅಂಶ ಬರೆದು ಕೊಡುತ್ತಾರೆ. ಬೂದಿ ಹಾಕುವವನು ಅದರಲ್ಲಿ ಪಿಎಚ್ ಎಂಬ ಒಂದು ಸಾಲು ಓದಿದರೆ ಸಾಕು. ಆರೂವರೆಯಿಂದ ಮೇಲಿದ್ದರೆ ಬೂದಿ ಡಬ್ಬ ಮುಚ್ಚಿಡಬೇಕು.

ಈಗ ನನ್ನ ತಾರಸಿಯಲ್ಲಿ ಬೂದಿ ಬೀಳುವುದು ಹೇನು ಹತ್ತಿದ ಅವರೆಗೆ, ವರ್ಷಕ್ಕೊಮ್ಮೆ ಬಾಳೆಯ ಡ್ರಮ್ಮಿಗೆ. ಉಳಿದದ್ದು ಬೀಜದ ಡಬ್ಬಿಗೆ. ಊರಿನಲ್ಲೂ ಕಾಲ ಬದಲಾಗಿದೆ. ಗ್ಯಾಸು ಬಂದು ಅಡುಗೆ ಒಲೆ ತಣ್ಣಗಾಗಿ ವರ್ಷಗಳಾದವು. ಹೊಗೆ ಕುಡಿದು ಕುಡಿದು ಕೆಮ್ಮುತ್ತಿದ್ದ ದೊಡ್ಡಮ್ಮನ ಎದೆಗೆ ಅದು ಒಳ್ಳೆಯದೇ ಆಯಿತು, ಆ ಒಲೆಗಾಗಿ ಕಣ್ಣೀರು ಹಾಕುವ ಗಂಡಸರನ್ನು ಕಂಡರೆ ನನಗೆ ಆಗುವುದಿಲ್ಲ. ಬಚ್ಚಲ ಒಲೆ ಇನ್ನೂ ಇದೆ. ಅಣ್ಣನ ಮಗ ಸೋಲಾರ್ ಹಾಕಿಸಲು ಅಳತೆ ಮಾಡಿಸಿಕೊಂಡು ಹೋಗಿದ್ದಾನೆ.

ಹೋದ ಸಲ ದೊಡ್ಡಮ್ಮನಿಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದೆ. ಚಂದದ ಪ್ಯಾಕೆಟ್ಟು, ಹಸಿರು ಅಕ್ಷರ, ಒಳಗೆ ಸೌದೆ ಬೂದಿ. ಪೇಟೆಯವರು ಪಾತ್ರೆ ತಿಕ್ಕಲು, ಗಿಡಕ್ಕೆ ಹಾಕಲು ದುಡ್ಡು ಕೊಟ್ಟು ತರಿಸುತ್ತಾರೆ ಅಂದೆ. ಕನ್ನಡಕ ಸರಿ ಮಾಡಿಕೊಂಡು ನೋಡಿದರು.

"ಕೆಜಿಗೆ ಎಷ್ಟಂತೆ?"

"ನೂರರ ಮೇಲಿದೆ ದೊಡ್ಡಮ್ಮ."

ಅವರು ಏನೂ ಹೇಳಲಿಲ್ಲ. ಸೌದೆ ಕೊಟ್ಟಿಗೆಗೆ ಹೋಗಿ ಕೊಡಪಾನದ ಕಲ್ಲು ಎತ್ತಿ ಒಳಗೆ ಇಣುಕಿದರು. ನಾನು ಹೊರಡುವ ಹೊತ್ತಿಗೆ ಕಾರಿನ ಹಿಂದೆ ಎಣ್ಣೆ ಡಬ್ಬ ಎಂದಿನಂತೆ ಇತ್ತು. ಎತ್ತಿ ನೋಡಿದರೆ ಹಗುರ, ಅರ್ಧಕ್ಕೇ ತುಂಬಿದ್ದರು.

"ನಿಂಗೆ ಇಷ್ಟು ಸಾಕು ಮಾರಾಯ," ಅಂದರು. "ಕುಂಬಳ ಮಡಿ ಇನ್ನೂ ಬಾಕಿ ಉಂಟು."